ಭಾವನ ಟವೆಲ್

ಅಕ್ಕನ ಗಂಡನಿಗೆ ಬಹುವಚನ ಕೊಡಬೇಕು ಎಂದು ಮನೆಯಲ್ಲಿ ಕಲಿಸಿದ್ದರು. ಎದುರಿಗೆ ಯಾವಾಗಲೂ ಕೊಟ್ಟಿದ್ದೇನೆ. ಇಲ್ಲಿ ಕೊಡುವುದಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ಭಾವ ಕೊಪ್ಪ, ಶೃಂಗೇರಿ, ಎನ್.ಆರ್.ಪುರಗಳಲ್ಲಿ ಒಂದೊಂದು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಬೆಳಿಗ್ಗೆ ಟೈಪಿಂಗ್ ಕ್ಲಾಸು, ಮಧ್ಯಾಹ್ನದ ಮೇಲೆ ಬೆಂಗಳೂರಿನ ಒಂದು ಕಂಪನಿಯ ಪರೀಕ್ಷೆ ಕೆಲಸ. ಕಂಪ್ಯೂಟರಿನಲ್ಲಿ ಎಲ್ಲ ಪ್ರೋಗ್ರಾಂಗಳ ಮೇಲೂ ಯಜಮಾನಿಕೆ ಮಾಡುವುದು ಕರ್ನಲ್. ಅದು ಮೆಮೊರಿಯನ್ನು ಸರಿಯಾಗಿ ಹಂಚುತ್ತದೆಯೇ ಎಂದು ನಾವು ಪರೀಕ್ಷಿಸಿ ಹೇಳಬೇಕಿತ್ತು. ಎನ್.ಆರ್.ಪುರದ ಸೆಂಟರ್ ನನ್ನ ಪಾಲಿನದು. ಬೀಗ ತೆಗೆಯುವವಳು, ಕಸ ಗುಡಿಸುವವಳು, ಕಲಿಸುವವಳು ಎಲ್ಲ ನಾನೇ. ಬೋರ್ಡಿನ ಮೇಲಿನ ಹೆಸರು ಮಾತ್ರ ಅವನದು. ಅದು ತಪ್ಪಿದರೆ ಕೊಪ್ಪದ ಮನೆಯಲ್ಲಿ ಕೂತು, ನೋಡಲು ಬಂದ ಗಂಡುಗಳಿಗೆ ಉಪ್ಪಿಟ್ಟು ಕೊಡುವುದೇ ನನ್ನ ಉದ್ಯೋಗವಾಗುತ್ತಿತ್ತು. ಆ ಸೆಂಟರಿನ ಮೇಲೆ ನನಗೆ ಜೀವ.

ಪರೀಕ್ಷೆಯ ಪ್ರೋಗ್ರಾಂ ಬರೆದವನು ಭಾವ. ಕೊಪ್ಪದಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ನನ್ನಲ್ಲಿ ಮಾತ್ರ ಆಗಾಗ ಅರ್ಧಕ್ಕೇ ಬಿದ್ದು ಸಾಯುತ್ತಿತ್ತು. ಕೊಪ್ಪದಲ್ಲಿರುವುದು ಹಳೆಯ ಕರ್ನಲ್, ನನ್ನಲ್ಲಿರುವುದು ಹೊಸದು ಎಂದು ಫೋನಿನಲ್ಲಿ ಹೇಳಿ ನೋಡಿದೆ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಮಿಷನ್ ಹಾಳು ಮಾಡಿ ಇಟ್ಟಿದೀಯ ಮಾರಾಯ್ತಿ ನೀನು. ನಾಳೆ ನಾನೇ ಬರ್ತೀನಿ. ಹಿಂಗೇ ಆದ್ರೆ ಸೆಂಟರ್ ಮುಚ್ಚಿ ಎಲ್ಲ ಶೃಂಗೇರಿಗೆ ಹಾಕಿಸ್ತೀನಿ," ಎಂದ.

ಗಾದೆ ಸರಿಯಾದದ್ದೇ. ಹೇಳಬೇಕಾದವಳು ನಾನಾಗಿದ್ದೆ.

ಮರುದಿನ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕಾಯುತ್ತಿದ್ದೆವು. ಶೃಂಗೇರಿ ಕಡೆಯಿಂದ ಬಂದ ಬಸ್ಸು ಆಗಲೇ ತುಂಬಿತ್ತು. ನಮ್ಮ ಕಡೆ ಒಂದು ಕಾನೂನಿದೆ: ಕಿಟಕಿಯಿಂದ ಯಾರ ಟವೆಲ್ ಸೀಟಿನ ಮೇಲೆ ಬಿತ್ತೋ ಸೀಟು ಅವರದು. ಕಂಡಕ್ಟರೂ ಅದನ್ನು ಮೀರುವುದಿಲ್ಲ. ಆದರೆ ಅಲ್ಲಿ ಮೊದಲೇ ಬೇರೆಯವರ ಚೀಲವೋ ಕೊಡೆಯೋ ಇದ್ದರೆ ಮುಟ್ಟುವಂತಿಲ್ಲ, ಅದೂ ಅದೇ ಕಾನೂನು. ಹರಿಹರಪುರದಲ್ಲಿ ಹತ್ತಿದ್ದ ಹೆಂಗಸೊಬ್ಬಳು ಚೀಲವನ್ನು ಸೀಟಿನ ಮೇಲಿಟ್ಟು ನೀರು ಕುಡಿಯಲು ಇಳಿದಿದ್ದಳು. ಭಾವ ಕಿಟಕಿಯಿಂದ ಕೈ ತೂರಿಸಿ, ಚೀಲವನ್ನು ಕೆಳಗೆ ತಳ್ಳಿ, ಆ ಜಾಗದಲ್ಲಿ ಟವೆಲ್ ಹಾಸಿದ. ಚೀಲದೊಳಗಿದ್ದ ಸೌತೆಕಾಯಿಗಳು ಬಸ್ಸಿನ ತುಂಬ ಉರುಳಾಡಿದವು.

ಆಕೆ ಹತ್ತಿ ಬರುವ ಹೊತ್ತಿಗೆ ಅವನು ಕಾಲು ಚಾಚಿ ಕೂತಾಗಿತ್ತು.

"ಹೋಯ್, ಅದು ನನ್ನ ಸೀಟು. ಚೀಲ ಇಟ್ಟು ಹೋಗಿದ್ನಲ್ಲ?"

"ಎಂತ ಚೀಲ? ಖಾಲಿ ಇತ್ತಲ."

"ಇತ್ತು ಭಾವ, ನಾನೇ ನೋಡಿದೀನಿ," ಎಂದೆ.

"ನೀನು ಸುಮ್ನಿರು ಮಾರಾಯ್ತಿ."

ಕಂಡಕ್ಟರ್ ಬಂದ, ಟವೆಲ್ ನೋಡಿದ, ಟಿಕೆಟ್ ಹರಿದು ಮುಂದೆ ಹೋದ. ಆಕೆ ಎನ್.ಆರ್.ಪುರದವರೆಗೂ ನಿಂತೇ ಬಂದಳು. ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟಿನ ನಡುವೆಯೇ ಆ ಕಂಡಕ್ಟರ್ ತಲೆಯಲ್ಲಿ ಕೂತುಬಿಟ್ಟ.

ಏಕೆಂದರೆ ನಾನು ಕರ್ನಲ್ ಬಗ್ಗೆ ತಪ್ಪು ತಿಳಿದಿದ್ದೆ. ಪ್ರೋಗ್ರಾಂ ಮೆಮೊರಿ ಕೇಳುವುದಕ್ಕೆ ಎರಡು ದಾರಿ. ಎಲ್ಲಾದರೂ ಖಾಲಿ ಇರುವಲ್ಲಿ ಕೊಡು ಎನ್ನಬಹುದು, ಇಂಥ ವಿಳಾಸದಲ್ಲೇ ಬೇಕು ಎಂದು ಹಟ ಹಿಡಿಯಲೂಬಹುದು. ಭಾವನ ಪರೀಕ್ಷೆ ಹಟದ್ದು. ಆ ಜಾಗದಲ್ಲಿ ಇನ್ನೇನಾದರೂ ಇದ್ದರೆ ಕರ್ನಲ್ ಆಗದು ಎನ್ನುತ್ತದೆ ಎಂದುಕೊಂಡಿದ್ದೆ. ಆ ಕಂಡಕ್ಟರಿನ ಹಾಗೆ ಏನೂ ಎನ್ನದೆ ಕೊಟ್ಟುಬಿಟ್ಟರೆ?

ಸೆಂಟರಿಗೆ ಹೋದವಳೇ, ಜಾಗ ಕೇಳುವ ಮುಂಚೆ ಮೆಮೊರಿಯಲ್ಲಿ ಎಲ್ಲೆಲ್ಲಿ ಏನಿದೆ ಎಂದು ತೋರಿಸುವ ಹಾಗೆ ಪರೀಕ್ಷೆಯಲ್ಲಿ ಒಂದು ಸಾಲು ಸೇರಿಸಿದೆ. ಬಿದ್ದಾಗಲೆಲ್ಲ ಒಂದೇ ಕಥೆ. ಪ್ರೋಗ್ರಾಂ ಓಡಲು ಲೈಬ್ರರಿಗಳು ಎಂಬ ಸಿದ್ಧ ತುಣುಕುಗಳೂ ಮೆಮೊರಿಯಲ್ಲಿರಬೇಕು; ಹೊಸ ಕರ್ನಲ್ ಪ್ರತಿ ಸಲವೂ ಅವನ್ನು ಬೇರೆ ಬೇರೆ ಕಡೆ ಕೂರಿಸುತ್ತದೆ. ಕೆಲವು ಸಲ ಭಾವನ ಪರೀಕ್ಷೆ ಕೇಳುವ ವಿಳಾಸದಲ್ಲೇ ಒಂದು ಲೈಬ್ರರಿ ಕೂತಿರುತ್ತಿತ್ತು. ಕರ್ನಲ್ ತುಟಿಪಿಟಕ್ ಎನ್ನದೆ ಅದನ್ನು ಕಿತ್ತುಹಾಕಿ ಜಾಗ ಕೊಡುತ್ತಿತ್ತು. ಆಮೇಲೆ ಪರೀಕ್ಷೆ ಆ ಲೈಬ್ರರಿಯನ್ನು ಹುಡುಕಿಕೊಂಡು ಹೋಗಿ ಸಾಯುತ್ತಿತ್ತು. ಹಳೆಯ ಕರ್ನಲ್ ಎಲ್ಲವನ್ನೂ ಸದಾ ಒಂದೇ ಕಡೆ ಇಡುತ್ತಿದ್ದುದರಿಂದ ಕೊಪ್ಪದಲ್ಲಿ ಅವನ ಆಟ ನಡೆದಿತ್ತು.

ತೋರಿಸಿದೆ. ಭಾವ ಪರದೆಯ ಕಡೆ ನೋಡಲೂ ಇಲ್ಲ. "ಅದೆಲ್ಲ ನಂಗೆ ಬ್ಯಾಡ. ಸೋಮವಾರದೊಳಗೆ ಸಮ ಆಗ್ಬೇಕು, ಇಲ್ದಿದ್ರೆ ಬೀಗ," ಎಂದು ಕಾಫಿ ಕುಡಿದು ಎದ್ದ.

ಸರಿ ಮಾಡಿದೆ. ಮೊದಲು ಕರ್ನಲನ್ನೇ ಕೇಳಿ, ಅದು ಎಲ್ಲಿ ಕೊಟ್ಟರೆ ಅಲ್ಲಿ ಒಂದು ದೊಡ್ಡ ಜಾಗ ತೆಗೆದುಕೊಳ್ಳುವುದು. ಆಮೇಲೆ ಹಟದ ಪರೀಕ್ಷೆಗಳನ್ನೆಲ್ಲ ಆ ಬೇಲಿಯ ಒಳಗೇ ಮಾಡುವುದು. ಬೇರೆಯವರ ತಂಟೆಯೇ ಬೇಡ. ಎಷ್ಟು ಓಡಿಸಿದರೂ ಬೀಳಲಿಲ್ಲ. ಶನಿವಾರ ಸಂಜೆ ಬೆಂಗಳೂರಿಗೆ ಕಳಿಸಿದೆ. ಎಲ್ಲ ಕೆಲಸವೂ ಭಾವನ ಹೆಸರಿನಲ್ಲೇ ಹೋಗುತ್ತಿತ್ತು, ಇದೂ ಹಾಗೆಯೇ ಹೋಯಿತು. ಸೆಂಟರ್ ಉಳಿಯಿತಲ್ಲ ಎಂದು ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಮನೆಗೆ ಬಂದೆ.

ಸೋಮವಾರ ಹೋದರೆ ಬಾಗಿಲು ತೆರೆದಿತ್ತು. ನನ್ನ ಕುರ್ಚಿಯಲ್ಲಿ ಭಾವನ ತಮ್ಮ. ನನ್ನ ಕೊಡೆ, ನೀರಿನ ಬಾಟಲಿ, ಮೇಜಿನ ಮೇಲಿರುತ್ತಿದ್ದ ಪುಸ್ತಕ ಎಲ್ಲ ಬಾಗಿಲ ಹಿಂದೆ ನೆಲದ ಮೇಲಿದ್ದವು. ಭಾವ ಗೋಡೆಗೆ ಒರಗಿ ನಿಂತಿದ್ದ.

"ಬೆಂಗಳೂರಿನೋರು ಫೋನ್ ಮಾಡಿದ್ರು, ಕೆಲಸ ಒಳ್ಳೇದಾಗಿದೆ ಅಂತ. ಇನ್ನು ಮುಚ್ಚೋದೇನಿಲ್ಲ. ಇವನಿಗೂ ಒಂದು ದಾರಿ ಆಗ್ಬೇಕಲ. ನಿಂಗೆಂತ, ಇವತ್ತಲ್ಲ ನಾಳೆ ಮದುವೆ ಆಗಿ ಹೋಗೋಳು."

"ಇಲ್ಲಿ ನಾನು ಇದ್ದೆ ಭಾವ."

"ಎಲ್ಲಿ? ನಾವು ಬಂದಾಗ ಖಾಲಿ ಇತ್ತಲ."

ಭಾವನ ತಮ್ಮನ ಕಣ್ಣು ಪರದೆಯ ಮೇಲೇ ಇತ್ತು. ಅವನು ಕೂತಿದ್ದದ್ದು ನಾನು ಮನೆಯಿಂದ ತಂದಿಟ್ಟಿದ್ದ ದಿಂಬಿನ ಮೇಲೆ, ಹಳೆ ಸೀರೆಯಲ್ಲಿ ಅಮ್ಮ ಹೊಲಿದುಕೊಟ್ಟದ್ದು. ಕೊಡೆ, ಬಾಟಲಿ, ಪುಸ್ತಕ ಚೀಲಕ್ಕೆ ಹಾಕಿಕೊಂಡೆ. ದಿಂಬಿನ ಅಂಚು ಹಿಡಿದು ಒಂದೇ ಸಲಕ್ಕೆ ಎಳೆದೆ. ಏಳು ಎಂದು ಅವನಿಗೆ ಹೇಳಲೂ ಇಲ್ಲ.