ಕಂಬದ ನಡುವಿನ ಬಿರುಕು

ಹಾನಗಲ್ಲಿನ ನಮ್ಮ ಓಣಿಯಲ್ಲಿ ಮೊನ್ನೆ ಹಳೇ ಕಟ್ಟಡವೊಂದನ್ನು ಕೆಡವುತ್ತಿದ್ದರು. ಒಡೆದ ಕಾಂಕ್ರೀಟಿಗೆ ಒಂದು ವಾಸನೆ ಇರುತ್ತದೆ. ಒಣ ಸುಣ್ಣ, ತುಕ್ಕು, ವರ್ಷಗಟ್ಟಲೆ ಒಳಗೇ ಉಳಿದ ತೇವ... ಅದು ಮೂಗಿಗೆ ಬಡಿದದ್ದೇ ತಡ, ನಮ್ಮ ಸರ್ ಕಣ್ಣ ಮುಂದೆ ಬಂದು ನಿಂತರು.

ಎಂಬತ್ತರ ದಶಕದ ಮಾತು. ಎಂಜಿನಿಯರಿಂಗ್ ಮುಗಿಸಿ ಅವರ ಕೈಕೆಳಗೆ ಮೇಲಿನ ಓದು ಓದುತ್ತಿದ್ದೆ. ಸರ್ ಚಿಕ್ಕೇರೂರಿನ ಒಕ್ಕಲುತನದ ಮನೆಯವರು. ಯಾವ ಕಟ್ಟಡ ನೋಡಲು ಹೋದರೂ ಚಪ್ಪಲಿ ಹೊರಗೇ ಬಿಡುತ್ತಿದ್ದರು. ಅಂಗಾಲಿಗೆ ನೆಲ ತಿಳಿಯಬೇಕು ಅನ್ನುತ್ತಿದ್ದರು.

ಶಿಗ್ಗಾಂವಿಯ ವ್ಯಾಪಾರಿಯೊಬ್ಬರು ತಮ್ಮ ಕಾಳಿನ ಗೋದಾಮಿನ ಮೇಲೆ ಮತ್ತೊಂದು ಅಂತಸ್ತು ಏರಿಸಬಹುದೇ ಎಂದು ಸರ್ ಅವರನ್ನು ಕೇಳಿದ್ದರು. ಭಾರ ಏರಿದಂತೆ ಕಂಬ, ತೊಲೆಗಳು ಎಲ್ಲಿ ಬಿರಿದು ಬಾಗುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಪ್ರತಿ ಕಂಬವನ್ನೂ ಒಂದೇ ತುಂಡೆಂದು ಹಿಡಿದು, ಸೋತರೆ ಎರಡು ತುದಿಗಳಲ್ಲೇ ಸೋಲುತ್ತದೆ ಎಂದುಕೊಳ್ಳುವುದು ಆಗಿನ ರೂಢಿ. ಹಾಗೇ ಮಾಡಿದೆ. ಗೋದಾಮು ಗಟ್ಟಿ ಎಂದು ಬಂತು.

ಸರ್ ಹಾಳೆಯ ಮೇಲೆ ಒಂದು ಕಂಬಕ್ಕೆ ಬೆರಳಿಟ್ಟರು.

"ಮೂಲಿ ಕಂಬದ ನಡುವಿಗೆ ಮೆಟ್ಟಲಿನ ತೊಲಿ ಬಂದು ಕುಂತೈತಿ. ನಡುವ ಬಿರಿಯಬ್ಯಾಡ ಅಂತ ಕಂಬಕ್ಕ ನಾವು ಹೇಳೇವೇನು?"

ಆ ಕಂಬವನ್ನು ಎತ್ತರದುದ್ದಕ್ಕೂ ಹಲವು ತುಂಡು ಮಾಡಿ, ಪ್ರತಿ ತುಂಡಿಗೂ ಬಿರಿಯುವ ಅವಕಾಶ ಕೊಟ್ಟು ಮತ್ತೆ ಲೆಕ್ಕ ಹಾಕಿದೆ. ಸೋಲು ನಡುವಿನಲ್ಲೇ ಇತ್ತು. ಹೊಸ ಅಂತಸ್ತಿನ ಮಾತಿರಲಿ, ಆಗಲೇ ಮಹಡಿಯಲ್ಲಿ ಒಟ್ಟಿದ್ದ ಕಾಳಿನ ಚೀಲಗಳ ಭಾರವೇ ಅದಕ್ಕೆ ಹೆಚ್ಚಾಗಿತ್ತು.

ಸಿಕ್ಕ ಬಸ್ಸಿಗೆ ಶಿಗ್ಗಾಂವಿಗೆ ಓಡಿದೆವು. ಕಂಬದ ನಡುವೆ ಕೂದಲೆಳೆಯಂಥ ಬಿರುಕು. ಅದರಿಂದ ಸಣ್ಣಗೆ ಪುಡಿ ಉದುರುತ್ತಿತ್ತು. ಸರ್ ಎಲ್ಲರನ್ನೂ ಹೊರಗೆ ಕರೆಸಿದರು. ಹಮಾಲರು ಬಂದರು, ಕಾಳು ಹಸನು ಮಾಡುವ ಹೆಂಗಸರು ಸೆರಗು ಝಾಡಿಸುತ್ತ ಬಂದರು. ಆಳುಗಳ ಮೇಲ್ವಿಚಾರಣೆಯ ಮುಕಾದಮ ಒಬ್ಬೊಬ್ಬರ ಮುಖ ನೋಡಿ ಎಣಿಸಿ, "ಎಲ್ಲಾರೂ ಬಂದಾರ್ರಿ. ಒಳಗ ಯಾರೂ ಇಲ್ಲ" ಎಂದ.

ಉರಿ ಮಧ್ಯಾಹ್ನ. ಹೆದ್ದಾರಿಯ ಸದ್ದು ಕೂಡ ನಿಂತಂತಿತ್ತು. ಆಗ ಒಳಗಿನಿಂದ ಒಂದು ಹೆಣ್ಣುದನಿ ಬಂತು.

"ಬರ್ರಿ..."

ಗಾಬರಿಯ ಕೂಗಲ್ಲ. ಬಂದ ಬೀಗರನ್ನು ಊಟಕ್ಕೆ ಕರೆದಂತಿತ್ತು. ಅಷ್ಟು ಜನರಲ್ಲಿ ಯಾರೂ ಅತ್ತ ತಿರುಗಲಿಲ್ಲ. ಸರ್ ತಿರುಗಿದರು. ನಾನೂ ತಿರುಗಿದೆ.

ಅವರ ತೋಳು ಹಿಡಿದೆ. "ಬ್ಯಾಡ್ರಿ ಸರ್, ಎಲ್ಲಾರೂ ಹೊರಗ ಅದಾರ."

"ಯಾರೋ ಕರಿಯಾಕತ್ತಾರ. ಕೇಳಿಸಿದ ಮ್ಯಾಲ ಹೆಂಗ ನಿಂದರೂದು?"

ಕೊಸರಿಕೊಂಡು ಹೋದರು. ಅವತ್ತು ಚಪ್ಪಲಿ ಬಿಡಲಿಲ್ಲ. ಆಮೇಲೆ ಒಣ ಕಟ್ಟಿಗೆ ಮುರಿದಂಥ ಸದ್ದು, ಧೂಳು... ಮೇಲಿನ ಕಾಳೆಲ್ಲ ಮಳೆಯ ಹಾಗೆ ಸುರಿಯುತ್ತಲೇ ಇತ್ತು.

ಅವಶೇಷ ತೆಗೆಯುವಾಗ ಸಿಕ್ಕಿದ್ದು ಸರ್ ಒಬ್ಬರೇ. ಊರಲ್ಲಿ ಯಾವ ಹೆಂಗಸೂ ಕಾಣೆಯಾಗಿರಲಿಲ್ಲ.

ಹೋದ ವಾರ ಅವರ ಮಗಳು ಹಾನಗಲ್ಲಿಗೆ ಬಂದಿದ್ದರು. ಅಪ್ಪ ಹೋದಾಗ ಆಕೆ ತೊಟ್ಟಿಲ ಕೂಸು. ಚಹಾದ ಕಪ್ಪು ಕೆಳಗಿಟ್ಟು ಕೇಳಿದರು: "ನಮ್ಮ ಅಪ್ಪನ ದನಿ ಹೆಂಗಿತ್ರಿ?"

ಕಣ್ಣು ಮುಚ್ಚಿ ನೆನೆಸಿದೆ. ಸರ್ ಆಡಿದ ಮಾತೆಲ್ಲ ಬಂತು, ದನಿ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಅದು ಎಲ್ಲಿ ಜಾರಿತೋ... ಕಿವಿಯಲ್ಲಿ ಉಳಿದಿದ್ದು ಗೋದಾಮಿನೊಳಗಿಂದ ಕರೆದ ಆ ಇನ್ನೊಂದು ದನಿಯೇ.

"ಬಲು ಮೆತ್ತಗಿತ್ತವ್ವಾ" ಎಂದೆ.