ಪಿಕಪ್ಪು ಹುಡುಕಿಕೊಂಡು ಮಾಗಡಿಗೆ

ರಾಮನಗರದಿಂದ ಮಾಗಡಿಗೆ ನೇರ ರಸ್ತೆಯಿದೆ. ಬಸ್ಸಿನಲ್ಲಿ ಕೂತರೆ ಒಂದು ಗಂಟೆಯ ದಾರಿ, ಆಗ ಹದಿನಾಲ್ಕು ರೂಪಾಯಿ ಟಿಕೆಟ್ಟು. ಜನವರಿಯ ಆ ಭಾನುವಾರ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟ ನಾವು ಮಾಗಡಿ ಮುಟ್ಟಿದ್ದು ಸಂಜೆ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ. ಹೋದದ್ದು ಚನ್ನಪಟ್ಟಣ, ಕನಕಪುರ, ಹಾರೋಹಳ್ಳಿ, ಬಿಡದಿಯ ಮೇಲೆ. ಕೇಳಿದವರೆಲ್ಲ ದಾರಿ ತಪ್ಪಿತೇ ಅನ್ನುತ್ತಾರೆ. ದಾರಿ ತಪ್ಪಿರಲಿಲ್ಲ, ತಲೆ ಕೆಟ್ಟಿತ್ತು. ನನ್ನದಲ್ಲ, ನಮ್ಮ ಯಜಮಾನರದು.

ನನ್ನ ತಂಗಿ ಸುಧಾಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸಿರು ನಿಂತು ಏಳು ತಿಂಗಳಾಗಿತ್ತು. ಅವತ್ತು ತವರಿನಲ್ಲಿ ಅವಳಿಗೆ ಬಳೆ ತೊಡಿಸುವ ಶಾಸ್ತ್ರ. ಅವ್ವ ಹಿಂದಿನ ವರ್ಷ ತೀರಿಕೊಂಡಿದ್ದಳು. ಸುಧಾ ಫೋನಿನಲ್ಲಿ ಹೇಳಿದ್ದಳು: "ಅವ್ವನ ಜಾಗದಲ್ಲಿ ನೀನೇ ಮೊದಲ ಬಳೆ ತೊಡಿಸ್ಬೇಕು ಅಕ್ಕ. ನೀನು ಬರೋಗಂಟ ನಾನು ಹಸೆ ಮೇಲೆ ಕೂರಾಕಿಲ್ಲ." ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ನಾನು ಅಲ್ಲಿರಬೇಕು. ಇಷ್ಟೇ ನನ್ನ ಬೇಡಿಕೆ.

ನಮ್ಮದು ಎಂಟುನೂರು ಸಿಸಿಯ ಬಿಳಿ ಕಾರು, ಹದಿನಾರು ವರ್ಷ ಹಳೆಯದು, ನಮಗಿಂತ ಮೊದಲು ಇಬ್ಬರು ಮಾಲೀಕರನ್ನು ಸಾಕಿದ್ದು. ಮಾಗಡಿ ದಾಟಿ ನಾಲ್ಕು ಕಿಲೋಮೀಟರಿಗೆ ನನ್ನ ತವರೂರು. ಊರಿನ ಮುಂದೆ ಒಂದು ಏರು. ಅರ್ಧ ಏರಿಗೆ ಕಾರು ಕೈಚೆಲ್ಲುತ್ತದೆ, ನಾನು ಇಳಿದು ನಡೆಯುತ್ತೇನೆ, ಅದು ಹಗುರಾಗಿ ಹತ್ತುತ್ತದೆ. ಆರು ವರ್ಷದಿಂದ ಹೀಗೇ ನಡೆದುಬಂದಿದೆ, ನನ್ನದೇನೂ ತಕರಾರಿಲ್ಲ. ಹಿಂದಿನ ವರ್ಷದಿಂದ ಮಾತ್ರ ಇವರಿಗೆ ಪಿಕಪ್ಪಿನ ಹುಚ್ಚು, ಕಾರಿನ ಎಳೆತ ಹೆಚ್ಚಿಸುವ ಹುಚ್ಚು, ಹಿಡಿದಿತ್ತು. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವ ಮನುಷ್ಯ, ಊಟಕ್ಕೆ ಕೂತರೂ ಕಾರ್ಬುರೇಟರಿನ ಮಾತು.

"ಚನ್ನಪಟ್ಟಣದಲ್ಲಿ ಅರ್ಧ ಗಂಟೆ ಕೆಲಸ ಕಣೆ. ಹನ್ನೊಂದಕ್ಕೆ ನಿನ್ನ ತವರಲ್ಲಿರ್ತೀವಿ" ಎಂದರು. ಕೈಯಲ್ಲಿ ಬಳೆ ಬುಟ್ಟಿ, ಚಿಗಳಿ ಉಂಡೆ ಡಬ್ಬ, ಹಣ್ಣಿನ ಚೀಲ. ನಂಬಿ ಹತ್ತಿದೆ. ಮಾಡಿದ್ದುಣ್ಣೋ ಮಹಾರಾಯ.

ಚನ್ನಪಟ್ಟಣದ ಮೆಕ್ಯಾನಿಕ್ ರಹಮತ್ ಸಾಬರ ಶೆಡ್ಡು ಬೊಂಬೆ ಮಾಡುವವರ ಓಣಿಯಲ್ಲಿದೆ. ಅರಗಿನ ವಾಸನೆ ಕಾರಿನೊಳಕ್ಕೂ ಬರುತ್ತಿತ್ತು. ಸಾಬರು ಬಾನೆಟ್ಟು ಎತ್ತಿ ನೋಡಿ, "ಸಾರ್, ಇಂಜಿನ್ ಚೆನ್ನಾಗೈತೆ. ಅದಕ್ಕಿರೋ ಶಕ್ತಿನೇ ಇಷ್ಟು. ಸುಮ್ನೆ ಬುಟ್ಬುಡಿ" ಎಂದರು. ಅವರಿಗೆ ಅಲ್ಲೇ ಕೈಮುಗಿಯಬೇಕು ಅನ್ನಿಸಿತು. ಇವರು ಬಿಡಬೇಕಲ್ಲ. ಪೆಟ್ರೋಲು ಹರಿಯುವ ಜೆಟ್ಟಿನ ತೂತು ದೊಡ್ಡದಾದರೆ ಬಲ ಹೆಚ್ಚುತ್ತದೆ ಎಂದು ಎಲ್ಲೋ ಕೇಳಿಕೊಂಡು ಬಂದಿದ್ದರು. ಕೊನೆಗೆ ಸಾಬರು ಇನ್ನೊಂದು ಹಳೆ ಜೆಟ್ಟು ಹುಡುಕಿ, ಪಕ್ಕದ ಕಾರ್ಖಾನೆಯಲ್ಲಿ ಬೊಂಬೆಗೆ ಕಣ್ಣು ಕೊರೆಯುವ ಸಣ್ಣ ಬೈರಿಗೆಯಿಂದ ಅದನ್ನು ಹಿಗ್ಗಿಸಿ ಹಾಕಿಕೊಟ್ಟರು. ಮೊದಲಿದ್ದ ಜೆಟ್ಟನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, "ಅಮ್ಮಾ, ಇದು ನಿಮ್ಮತ್ರ ಇರ್ಲಿ. ಬೇಕಾಯ್ತದೆ" ಎಂದರು. ಅರ್ಧ ಗಂಟೆಯ ಕೆಲಸ ಮುಗಿದಾಗ ಒಂಬತ್ತೂವರೆ.

ರಾಮನಗರಕ್ಕೆ ವಾಪಸು ಬರುವಷ್ಟರಲ್ಲಿ ಹಿಂದೆ ಕರಿ ಹೊಗೆ. ನಾನು ಮಾಗಡಿ ರಸ್ತೆಯ ಕಡೆ ನೋಡುತ್ತಿದ್ದೆ, ಕಾರು ಕನಕಪುರದ ಕಡೆ ತಿರುಗಿತು. "ಪೆಟ್ರೋಲು ಜಾಸ್ತಿ ಆಯ್ತು, ಈಗ ಅದಕ್ಕೆ ಗಾಳಿ ಬೇಕು" ಎಂದರು. ಗಾಳಿ ಸಿಗುವುದು ಕನಕಪುರದ ಶಿವಣ್ಣನ ಗ್ಯಾರೇಜಿನಲ್ಲಂತೆ. ಶಿವಣ್ಣ ಇವರ ಜೊತೆ ಓದಿದವನು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಶಾಲೆಯ ಮಕ್ಕಳೂ ಓದುತ್ತಾರೆ.

ಶಿವಣ್ಣ ಟೀ ತರಿಸಿ, ಬಾನೆಟ್ಟಿಗೆ ತಲೆ ಹಾಕಿ ನಕ್ಕ. "ಏನ್ಲಾ ಇದು? ಮೂಗಿಗೆ ಬಟ್ಟೆ ಕಟ್ಕೊಂಡು ಓಡು ಅಂದ್ರೆ ನೀನು ಓಡಿಯಾ? ಫಿಲ್ಟರ್ ಕಿತ್ತಾಕ್ಲಾ." ಗಾಳಿ ಸೋಸುವ ಫಿಲ್ಟರು ಡಬ್ಬದ ಸಮೇತ ಹೊರಗೆ ಬಂತು. ಎಂಜಿನ್ನು ಗೊರಗೊರ ಎಂದು ದೊಡ್ಡ ದನಿ ತೆಗೆಯಿತು. ಇಬ್ಬರೂ ಮಗ ಪಾಸಾದ ಅಪ್ಪಂದಿರ ಹಾಗೆ ಮುಖ ಅರಳಿಸಿದರು. ಬಿಸಾಡಿದ ಫಿಲ್ಟರನ್ನು ನಾನು ಎತ್ತಿ ಡಿಕ್ಕಿಗೆ ಹಾಕಿದೆ. "ಅದ್ಯಾಕತ್ತಿಗೆ ಗುಜರಿ?" ಎಂದ ಶಿವಣ್ಣ. ಗುಜರಿ ಯಾವುದು ಎಂದು ನಾನು ಹೇಳಲಿಲ್ಲ.

ಕಾರಿಗೆ ಒಸಿ ಬಲ ಬಂದದ್ದೇನೋ ಸುಳ್ಳಲ್ಲ. ಹಾರೋಹಳ್ಳಿಯ ಕಾರ್ಖಾನೆಗಳ ಮುಂದೆ ಒಂದು ಟೆಂಪೋವನ್ನು ಹಿಂದೆ ಹಾಕಿ ಇವರು ಮೂರು ಸಲ ನನ್ನ ಮುಖ ನೋಡಿದರು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ಹೊಸ ಕಾರುಗಳನ್ನು ಹೇರಿಕೊಂಡ ಉದ್ದನೆಯ ಲಾರಿ ಹೋಯಿತು. ಇವರು ಇಡ್ಲಿ ಬಿಟ್ಟು ಅದನ್ನೇ ನೋಡಿದರು. ಗಂಟೆ ಒಂದೂಕಾಲು. ಆದರೂ ಸಮಯವಿತ್ತು.

ಮಾಗಡಿ ದಾರಿಯಲ್ಲಿ ಒಂದು ಹಳ್ಳಿಯ ಮುಂದೆ ಟಾರು ರಸ್ತೆಯ ಮೇಲೆ ಹುರುಳಿ ಗಿಡ ಹರಡಿದ್ದರು. ನಮ್ಮ ಕಡೆ ಇದು ಹೊಸದಲ್ಲ, ಹೋಗುವ ಗಾಡಿಗಳೇ ತುಳಿದು ಕಾಳು ಉದುರಿಸಿಕೊಡುತ್ತವೆ. ಮೊರ ಹಿಡಿದ ಅಜ್ಜಿಯೊಬ್ಬಳು ಅಡ್ಡ ಬಂದಳು.

"ಬೆಳಗ್ಗಿಂದ ಒಂದು ಲಾರಿ ಬಂದಿಲ್ಲ ಕಣಪ್ಪ. ಒಂದ್ನಾಕು ಸಾರಿ ಅತ್ಲಾಗೂ ಇತ್ಲಾಗೂ ಓಡ್ಸ್ಬುಡು. ನಿನ್ ಕಾರ್‌ಗೆ ಅಷ್ಟು ಶಕ್ತಿ ಐತಾ?"

ಬೇರೆ ಏನು ಕೇಳಿದ್ದರೂ ಇವರು ಕೈ ಬೀಸಿ ಹೋಗುತ್ತಿದ್ದರು. ಅಜ್ಜಿ ಶಕ್ತಿಯ ಮಾತೆತ್ತಿದಳು. ನಾನು "ರೀ, ಬೇಡ" ಎನ್ನುವುದರೊಳಗೆ ಕಾರು ಹಿಂದಕ್ಕೆ ಬಂದಿತ್ತು. ನಾಲ್ಕು ಸಾರಿ ಅಂದದ್ದಕ್ಕೆ ಹತ್ತು ಸಾರಿ ಓಡಿಸಿದರು. ಹೊಟ್ಟು, ದೂಳು ಮೋಡದಂತೆ ಎದ್ದವು. ಫಿಲ್ಟರಿಲ್ಲದ ಎಂಜಿನ್ನು ಅಷ್ಟನ್ನೂ ಎಳೆದುಕೊಂಡಿತು. ಹನ್ನೊಂದನೇ ಸಾರಿಗೆ ಎರಡು ಸಲ ಕೆಮ್ಮಿ ನಿಂತುಹೋಯಿತು.

"ಕಾಳು ಚೆನ್ನಾಗಿ ಉದುರ್ತು" ಎಂದಳು ಅಜ್ಜಿ. ನನಗೆ ಅಳು ಬಂತು. ಸುಧಾ ಹೊಸ ಸೀರೆಯುಟ್ಟು ಬಾಗಿಲು ನೋಡುತ್ತ ಕೂತಿದ್ದಾಳೆ, ನಾನು ಹುರುಳಿ ಒಕ್ಕಣೆಯಲ್ಲಿದ್ದೇನೆ. ಬಸುರಿ ತಂಗಿಯ ಬಳೆ ಶಾಸ್ತ್ರದ ಮಾತು ಹೇಳಿ ಬಸ್ಸು ಕೇಳಿದೆ. "ಭಾನುವಾರ ಐದಕ್ಕೆ ಕಣವ್ವ" ಎಂದಳು.

ನಾನು ಡಿಕ್ಕಿ ತೆಗೆದು ಫಿಲ್ಟರು ಕೊಟ್ಟೆ, ಪರ್ಸಿನಿಂದ ಜೆಟ್ಟು ಕೊಟ್ಟೆ. ಇವರು ತಗೊಂಡು ಬಾನೆಟ್ಟು ಎತ್ತಿದರು. ಕಾರ್ಬುರೇಟರು ಬಿಚ್ಚಿ, ಹೊಟ್ಟು ಊದಿ, ಪೆಟ್ರೋಲಿನಲ್ಲಿ ತೊಳೆದು ಎಲ್ಲವನ್ನೂ ಇದ್ದ ಹಾಗೆ ಜೋಡಿಸಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಮೂರಕ್ಕೆ ಎಂಜಿನ್ನು ತನ್ನ ಹಳೆಯ ಸಣ್ಣ ದನಿಯಲ್ಲಿ ಎದ್ದಿತು. ಆ ದನಿ ಅಷ್ಟು ಇಂಪಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಅಜ್ಜಿ ಒಂದು ಸೇರು ಹುರುಳಿ ಕೊಟ್ಟಳು. "ಬಸುರಿಗೆ ಕೊಡ್ಬ್ಯಾಡ, ಉಷ್ಣ. ಹೆರಿಗೆ ಆದ್ಮ್ಯಾಲೆ ಬಸ್ಸಾರು ಮಾಡಿಕೊಡು."

ತವರೂರಿನ ಏರಿನ ಬುಡಕ್ಕೆ ಬಂದಾಗ ನಾಲ್ಕು ಗಂಟೆ ಐದು ನಿಮಿಷ. ಅಭ್ಯಾಸದಂತೆ ಬಾಗಿಲಿಗೆ ಕೈ ಹಾಕಿದೆ.

"ಇಳೀಬ್ಯಾಡ. ಒಂದು ಸಾರಿ ಕೂತ್ಕೊ" ಎಂದರು.

"ರೀ, ಟೈಮಿಲ್ಲ."

"ಅವ್ವ ಹೋದ ದಿನ ಕಾರು ಇಲ್ಲೇ ಅಲ್ವಾ ನಿಂತಿದ್ದು. ನೀನು ಇಳಿದು ಓಡ್ದೆ. ನೀನು ಹೋಗೋಷ್ಟ್ರಲ್ಲಿ..." ಸ್ಟೇರಿಂಗ್ ಮೇಲಿನ ಕೈಗೆ ಇನ್ನೂ ಹೊಟ್ಟು ಅಂಟಿತ್ತು.

ಅವತ್ತು ನಾನು ಐದು ನಿಮಿಷ ತಡವಾಗಿ ಹೋಗಿದ್ದೆ. ತಪ್ಪು ನಿಮ್ಮದು ಎಂದು ಇವರಿಗೆ ಯಾವತ್ತೂ ಅಂದಿರಲಿಲ್ಲ. ನಿಮ್ಮದಲ್ಲ ಎಂದೂ ಅಂದಿರಲಿಲ್ಲ. ಒಂದು ವರ್ಷದ ಕಾರ್ಬುರೇಟರ್ ಪುರಾಣ ಎಲ್ಲಿಂದ ಹುಟ್ಟಿತು ಎಂದು ಅಲ್ಲಿ ಗೊತ್ತಾಯಿತು. ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು, ಇದನ್ನು ಮನೆಯಲ್ಲೇ ಹೇಳಬಾರದಿತ್ತೇ? ಬಾಗಿಲು ಎಳೆದುಕೊಂಡು ಕೂತೆ.

ಅರ್ಧ ಏರಿಗೆ ಕಾರು ನಿಂತಿತು.

"ತಪ್ಪು ನಿಮ್ಮದಲ್ಲ ಕಣ್ರೀ. ಅವತ್ತೂ ನಿಮ್ಮದಲ್ಲ" ಎಂದು ಹೇಳಿ, ಬಳೆ ಬುಟ್ಟಿ ಎತ್ತಿಕೊಂಡು ಓಡಿದೆ.

ನಾಲ್ಕೂಕಾಲಕ್ಕೆ ಸುಧಾ ಹಸೆಯ ಮೇಲೆ ಕೂತಳು. ಮೊದಲ ಹಸಿರು ಬಳೆ ನಾನೇ ಏರಿಸಿದೆ. "ಅಕ್ಕ, ನಿನ್ನ ತಲೆ ತುಂಬ ಹೊಟ್ಟು" ಎಂದು ಅವಳು ನಕ್ಕಳು, ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಕಾರು ಎಂದಿನಂತೆ ಹಗುರಾಗಿ ಮೇಲೆ ಬಂತು.

ಊಟ ಮುಗಿಸಿ ಆರೂವರೆಗೆ ಹೊರಟೆವು, ಈ ಸಲ ನೇರ ರಸ್ತೆಯಲ್ಲಿ. ಹಿಂದಿರುಗಿ ನೋಡಿದೆ. ಸುಧಾ ಬಳೆ ಕೈ ಬೀಸುತ್ತಿದ್ದಳು. ಊರು ದಾಟಿದ್ದೇ ಕಾರು ಸರ್ರನೆ ಓಡತೊಡಗಿತು, ಇವರ ಮುಖದಲ್ಲಿ ಬೆಳಿಗ್ಗೆಯ ಕಳೆ ಮತ್ತೆ ಬಂತು.

"ನೋಡಿದ್ಯಾ ಪಿಕಪ್ಪು!"

ಅದು ಇಳಿಜಾರು ಎಂದು ನಾನು ಹೇಳಲಿಲ್ಲ.