ಸವುಳು ನೀರಿಗೆ ಹಾಕಿದ ಕೆಂಪು

ಮಾರ್ತಾಂಡ ಯಳವತ್ತಿಯವರು ಬಾಯಿ ಸತ್ತ ಮನುಷ್ಯ. ನಂಬಿದವನು ಕಣ್ಣೆದುರಿಗೇ ಮುಳುಗುತ್ತಿದ್ದರೂ ಕೈ ಚಾಚುವವರಲ್ಲ, ದಂಡೆಯ ಮೇಲೆ ನಿಂತು ನೋಡುವವರು. ಗದುಗಿನ ಹೊಸ ಕಾಲೇಜಿನಲ್ಲಿ ಅವರ ಜೊತೆ ಕೆಲಸ ಮಾಡಿದ ಪಾಂಡಪ್ಪ ಬಣ್ಣದ ಹೀಗೆಂದು ತೀರ್ಮಾನಿಸಿದ್ದ. ಹಾಗೆ ತೀರ್ಮಾನಿಸಲು ಅವನಿಗೆ ಕಾರಣವಿತ್ತು.

ಎಲ್ಲರೂ ರಾಯರು ಎಂದು ಕರೆಯುತ್ತಿದ್ದ ಯಳವತ್ತಿಯವರು ಸಂಸ್ಕೃತದ ಅಧ್ಯಾಪಕರು, ಪಾಂಡಪ್ಪನಿಗಿಂತ ಬಹಳ ಹಿರಿಯರು. ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಆ ಊರಿನ್ನೂ ಮಿರಜ ಸಂಸ್ಥಾನಕ್ಕೆ ಸೇರಿದ್ದಾಗ. ಅಜ್ಜ ಗುಡಿಯಲ್ಲಿ ಪುರಾಣ ಹೇಳುತ್ತಿದ್ದರು, ತಂದೆ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದರು. ಕೇಳದೆ ಬಾಯಿ ತೆರೆಯಬಾರದು, ಇನ್ನೊಬ್ಬರು ಆಡಿದ ಮಾತಿಗೆ ತನ್ನ ಅರ್ಥ ಹಚ್ಚಬಾರದು ಎಂಬ ಕಚೇರಿಯ ಶಿಸ್ತು ಆ ಮನೆಯಲ್ಲಿ ಮಕ್ಕಳಿಗೂ ಇತ್ತು. ಸಂಸ್ಥಾನ ವಿಲೀನವಾದಾಗ ಊರವರು ಪೇಟೆಯಲ್ಲಿ ಸಭೆ ಸೇರಿಸಿ, ಶಾಲಾ ಮಾಸ್ತರರಾಗಿದ್ದ ರಾಯರನ್ನು ವೇದಿಕೆ ಹತ್ತಿಸಿ, ನಾಲ್ಕು ಮಾತಾಡಿರಿ ಎಂದರು. ರಾಯರು ಎದ್ದು ನಿಂತರು, ಜನರನ್ನು ನೋಡಿದರು, ಕುಳಿತರು. ಸಂತೋಷದಿಂದ ಗಂಟಲು ಕಟ್ಟಿರಬೇಕು ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅಂಥದ್ದೇನೂ ಆಗಿರಲಿಲ್ಲ. ಅವರಿಗೆ ಹೇಳುವುದೇನೂ ಇರಲಿಲ್ಲ, ಅಷ್ಟೆ.

ಗದುಗಿಗೆ ಬಂದ ಮೇಲೆ ವೀರನಾರಾಯಣ ಗುಡಿಯ ಹಿಂದಿನ ಓಣಿಯಲ್ಲಿ ಮನೆ ಮಾಡಿದರು. ಈ ಕಡೆ ಯಾರ ಮನೆಗೆ ಹೋದರೂ ಚಹಾ ಎಂದ ಕೂಡಲೇ ಹೂಂ ಅನ್ನುವುದು ಮರ್ಯಾದೆಯಲ್ಲ. ಬಂದವರು ಒಲ್ಲೆ ಅನ್ನಬೇಕು, ಮನೆಯವರು ಜುಲುಮೆ ಮಾಡಬೇಕು, ಆಮೇಲೆ ಬಂದವರು ಮನಸ್ಸಿಲ್ಲದವರ ಹಾಗೆ ಬಟ್ಟಲು ಹಿಡಿಯಬೇಕು. ರಾಯರ ಮನೆಯಲ್ಲಿ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಪಾಂಡಪ್ಪ ಒಮ್ಮೆ ಅಧ್ಯಾಪಕರ ಕೋಣೆಯಲ್ಲಿ, ರಾಯರ ಎದುರಿಗೇ, ಎಲ್ಲರನ್ನೂ ನಗಿಸಿದ್ದ.

“ರಾಯರ ಮನಿಗೆ ಹೋಗೋರು ಮೊದಲನೇ ಸಲಕ್ಕ ಹೂಂ ಅಂದುಬಿಡ್ರೆಪಾ. ನಾ ಒಲ್ಲೆ ಅಂದೆ, ಅವರ ಮನಿ ಬಾಯಾರು ತಂದ ಚಹಾ ಬಾಗಲದಿಂದನ ಹೊಳ್ಳಿ ಹೋತು.”

ರಾಯರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅದು ನಡೆದಿದ್ದು ಹಾಗೆಯೇ ಎಂಬಂತೆ ತಲೆ ಆಡಿಸಿದರು.

ಪಾಂಡಪ್ಪ ರಸಾಯನಶಾಸ್ತ್ರ ಕಲಿಸುತ್ತಿದ್ದ. ಬೆಟಗೇರಿಯ ಅವನ ಮನೆತನದ ಕಸುಬು ನೇಕಾರರ ನೂಲಿಗೆ ಬಣ್ಣ ಹಾಕುವುದು, ಅಡ್ಡಹೆಸರು ಬಂದದ್ದೂ ಅದರಿಂದಲೇ. ಅವನ ಅಜ್ಜ ಕಪ್ಪತಗುಡ್ಡದ ಕಡೆಯಿಂದ ತರಿಸಿದ ಬೇರು ಕುದಿಸಿ ಕೆಂಪು ತೆಗೆಯುತ್ತಿದ್ದ. ಆ ಕೆಂಪಿನ ಸೀರೆ ಹರಿದರೂ ಬಣ್ಣ ಬಿಡುತ್ತಿರಲಿಲ್ಲ. ಈಗ ಡಬ್ಬಿಯ ಬಣ್ಣ ಬಂದಿತ್ತು. ಎರಡು ಒಗೆತಕ್ಕೆ ಸೆರಗಿನ ಕೆಂಪು ಮೈಗೆಲ್ಲ ಹರಿಯುತ್ತಿತ್ತು, ಬೆಟಗೇರಿಯ ಸೀರೆಯೆಂದರೆ ಪೇಟೆಯವರು ಮೂಗು ಮುರಿಯುತ್ತಿದ್ದರು. ಅಜ್ಜ ಪಟಿಕವನ್ನೂ ಉಪ್ಪನ್ನೂ ಕೈ ಅಂದಾಜಿನಲ್ಲಿ ಹಾಕುತ್ತಿದ್ದ. ಆ ಅಂದಾಜು ಅವನ ಜೊತೆಗೇ ಹೋಯಿತು. ಅದನ್ನು ತೂಕಕ್ಕೂ ಲೆಕ್ಕಕ್ಕೂ ತಂದರೆ ಯಾರು ಬೇಕಾದರೂ ಆ ಕೆಂಪು ತೆಗೆಯಬಹುದು ಎಂದು ಪಾಂಡಪ್ಪ ನಂಬಿದ್ದ. ಅದಕ್ಕೊಂದು ಸೂಕ್ಷ್ಮ ತಕ್ಕಡಿ ಬೇಕಿತ್ತು, ಬಟ್ಟೆ ಒಣಗಿಸುವ ಒಲೆ ಬೇಕಿತ್ತು. ಕಾಲೇಜಿನಲ್ಲಿ ಎರಡೂ ಇರಲಿಲ್ಲ.

ಇದ್ದುದರಲ್ಲೇ ಒಂದು ಸಲ ಕೆಂಪು ಚೆನ್ನಾಗಿ ಬಂತು. ಯಾವ ನೀರಿಗೂ ಬಣ್ಣ ನಿಲ್ಲುತ್ತದೆಯೆ ನೋಡಲು ಆ ಬಣ್ಣದ ಬಟ್ಟೆಯಿಂದ ಎರಡು ತುಂಡು ಹರಿದು, ಒಂದನ್ನು ಸಿಹಿನೀರಿನಲ್ಲಿ ಒಗೆಯಲು ತಾಯಿ ಮಲ್ಲವ್ವನ ಕೈಗೆ ಕೊಟ್ಟ. ಇನ್ನೊಂದಕ್ಕೆ ಸವುಳು ನೀರು ಬೇಕಿತ್ತು. ರಾಯರ ಹಿತ್ತಲಿನ ಬಾವಿಯ ನೀರು ಬಾಯಿಗೆ ಹಾಕಲಾಗದಷ್ಟು ಸವುಳು.

“ವಾರಕ್ಕೊಮ್ಮೆ ಒಗದು ಬಿಸಲಿಗೆ ಹಾಕ್ರಿ ರಾಯರ, ನಾ ಸಾಕು ಅನ್ನೂ ಮಟ,” ಎಂದ.

ರಾಯರು ತುಂಡನ್ನು ಮಡಿಚಿ ಕೋಟಿನ ಕಿಸೆಯಲ್ಲಿಟ್ಟುಕೊಂಡರು. ಆತು ಎಂದೂ ಅನ್ನಲಿಲ್ಲ.

ಅದೇ ವರ್ಷ ವಿಶ್ವವಿದ್ಯಾಲಯದವರು ಸಂಶೋಧನೆಗೆ ನೆರವು ಕೊಡಲು ಸಮಿತಿಯೊಂದನ್ನು ಮಾಡಿದರು. ಉಪಕರಣ ಯಾರಿಗೆ, ರಜೆ ಯಾರಿಗೆ ಎಂಬುದು ಅಲ್ಲಿ ತೀರ್ಮಾನವಾಗಬೇಕು. ಪ್ರತಿ ಕಾಲೇಜಿನ ಅಧ್ಯಾಪಕರು ತಮ್ಮಲ್ಲೊಬ್ಬರನ್ನು ಆರಿಸಿ ಕಳಿಸಬೇಕು. ಗದುಗಿನಲ್ಲಿ ಸಂಶೋಧನೆ ಎಂದು ಮೈಮುರಿದು ಮಾಡುತ್ತಿದ್ದವನು ಪಾಂಡಪ್ಪನೊಬ್ಬನೇ, ಆದ್ದರಿಂದ ಆ ಜಾಗ ಅವನದೆಂದು ಎಲ್ಲರೂ ಒಪ್ಪಿದ್ದರು. ಇಂಗ್ಲಿಷಿನ ಗುರುರಾಜ ಹೆಸರು ಸೂಚಿಸಬೇಕು, ರಾಯರು ಎದ್ದು ಅನುಮೋದಿಸಬೇಕು. ಕೇಳಿದಾಗ ರಾಯರು ತಲೆ ಆಡಿಸಿದ್ದರು.

ಸಭೆಯಲ್ಲಿ ಗುರುರಾಜ ಸೂಚಿಸಿದ. ಪಾಂಡಪ್ಪ ಎದ್ದು ಕೈಮುಗಿದು, ಹಿರಿಯರಿರುವಲ್ಲಿ ಆಡಬೇಕಾದ ಮಾತನ್ನೇ ಆಡಿದ.

“ಇಷ್ಟು ಮಂದಿ ದೊಡ್ಡವರ ಇದ್ದಾಗ ನಾ ಎಲ್ಲ್ಯಾಂವರಿ? ನಾ ಒಲ್ಲೆರಿ.”

ಇನ್ನು ಅನುಮೋದಿಸುವವರು ಎದ್ದು, ಒಲ್ಲೆ ಅಂದರೆ ನಡೆಯುವುದಿಲ್ಲ ಎಂದು ತೋಳು ಹಿಡಿದು ಕೂರಿಸಬೇಕು. ಆಗ ಅವನು ಒಪ್ಪಬೇಕು. ಎಲ್ಲರೂ ರಾಯರ ಕಡೆ ನೋಡಿದರು. ಪ್ರಾಚಾರ್ಯರು ಪುಣೆಯ ಕಡೆಯವರು, ಈ ಊರಿನ ಒಲ್ಲೆ ಅವರಿಗೆ ಗೊತ್ತಿರಲಿಲ್ಲ. ಅವರೂ ತುಸು ಹೊತ್ತು ಕಾದರು. ರಾಯರು ತಮ್ಮ ಉಗುರು ನೋಡಿಕೊಳ್ಳುತ್ತ ಕುಳಿತೇ ಇದ್ದರು. ನಡುವೆ ಬಾಯಿ ಹಾಕುವುದು ತಮ್ಮ ಕೆಲಸವಲ್ಲವೆಂದು ಉಳಿದವರು ಸುಮ್ಮನಾದರು. ಪ್ರಾಚಾರ್ಯರು, ಅವರ ಇಚ್ಛೆ ಹಾಗಿದ್ದರೆ ಬೇರೆ ಹೆಸರು ಹೇಳಿರಿ ಎಂದರು. ಜಾಗ ಖಾಲಿ ಉಳಿದೀತೆಂದು ಗಾಬರಿಯಾದ ಗುರುರಾಜ ಹಿರಿಯರೆಂಬ ಕಾರಣಕ್ಕೆ ರಾಯರ ಹೆಸರನ್ನೇ ಹೇಳಿಬಿಟ್ಟ. ರಾಯರು ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು. ಆಯ್ಕೆ ಅವಿರೋಧವಾಯಿತು.

ನಿಂತೇ ಇದ್ದ ಪಾಂಡಪ್ಪ ಕುಳಿತ. ನಿಜವಾಗಿಯೂ ತಾನು ನಿಲ್ಲುತ್ತೇನೆ ಎಂದು ಆಮೇಲೆ ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆ. ಮನೆಯಲ್ಲಿ ಮಲ್ಲವ್ವ ಏನಾತೋ ಎಂದು ಕೇಳಿದಾಗ, ಮೇಲಿನ ಜಾತಿಯವರ ಕುರ್ಚಿಗೆ ಮೇಲಿನ ಜಾತಿಯವರೇ ಹೋಗಿ ಕುಂತರು ಎಂದ. ಅದು ಪೂರ್ತಿ ನಿಜವಲ್ಲವೆಂದು ಅವನಿಗೂ ಗೊತ್ತಿತ್ತು. ಆದರೆ ಹಾಗೆ ಹೇಳಿಕೊಂಡರೆ ತನ್ನ ಪೆದ್ದುತನ ಮರೆಯಾಗುತ್ತಿತ್ತು.

ಅವನ ಅರ್ಜಿ ಸಮಿತಿಗೆ ಹೋಗುವಷ್ಟರಲ್ಲಿ ಇನ್ನೊಂದು ಬೇಸಿಗೆ ಕಳೆದಿತ್ತು. ಸಮಿತಿಯವರು ಕೇಳಿದ್ದು ತಪ್ಪೇನಲ್ಲ. ಈ ಬಣ್ಣ ಎಲ್ಲ ನೀರಿನಲ್ಲೂ ನಿಲ್ಲುತ್ತದೆಂಬುದಕ್ಕೆ ಪುರಾವೆ ಏನಾದರೂ ಇದೆಯೆ, ಆ ಕಾಲೇಜಿನಿಂದ ಬಂದವರು ಏನಾದರೂ ಹೇಳುವುದಿದೆಯೆ ಎಂದರಂತೆ. ಬಂದವರು ಹೇಳಲಿಲ್ಲ. ಅರ್ಜಿಯನ್ನು ಮುಂದಕ್ಕೆ ಹಾಕಿದರು. ಮುಂದಕ್ಕೆ ಹಾಕಿದ್ದು ಮತ್ತೆ ಮೇಲೆ ಬರಲಿಲ್ಲ. ಗುರುರಾಜ ಇದನ್ನು ಸಮಿತಿಯಲ್ಲಿದ್ದ ಹುಬ್ಬಳ್ಳಿಯ ಗೆಳೆಯನಿಂದ ತಿಳಿದು ಬಂದು ಹೇಳಿದ. ಪಾಂಡಪ್ಪ ರಾಯರನ್ನು ತರಗತಿಯ ಬಾಗಿಲಲ್ಲೇ ತಡೆದ.

“ನನ್ನ ಅರ್ಜಿ ತಗದಾಗ ನೀವು ಅಲ್ಲೇ ಇದ್ರೇನ್ರಿ?”

“ಇದ್ದೆ.”

“ಏನಂದ್ರಿ?”

“ಏನೂ ಅನ್ನಲಿಲ್ಲ.”

ನೆಪ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ರಾಯರು ತರಗತಿಯೊಳಗೆ ಹೋದರು.

ಪಾಂಡಪ್ಪ ಪುರಾವೆಗಾಗಿ ಮನೆಗೆ ಓಡಿದ. ಮಲ್ಲವ್ವನ ಹತ್ತಿರವಿದ್ದ ತುಂಡು ಒಲೆಯ ಮೇಲಿನ ಗಡಿಗೆ ಇಳಿಸುವ ಅರಿವೆಯಾಗಿ, ಸುಟ್ಟು, ಮಸಿ ಹಿಡಿದು, ಅದರ ಬಣ್ಣ ಯಾವುದಿತ್ತೆಂದು ಹೇಳುವಂತಿರಲಿಲ್ಲ. ಇನ್ನೊಂದು ತುಂಡನ್ನು ರಾಯರಿಂದ ಕೇಳುವುದಕ್ಕಿಂತ ಸಾಯುವುದು ಮೇಲೆನಿಸಿತು. ಅದೂ ಕೋಟಿನ ಕಿಸೆಯಿಂದ ಎಲ್ಲೋ ಬಿದ್ದು ಹೋಗಿರುತ್ತದೆ ಎಂದುಕೊಂಡ.

ಆಮೇಲೆ ಹೇಳುವಂಥದ್ದೇನೂ ಇಲ್ಲ. ಅವನು ತಕ್ಕಡಿಯ ಮಾತು ಬಿಟ್ಟ. ಅಜ್ಜನ ಬಣ್ಣದ ಹಂಡೆಗಳು ಹಿತ್ತಲಲ್ಲಿ ಮಳೆಗೆ ತುಂಬಿ, ಬಿಸಿಲಿಗೆ ಒಣಗಿ, ತೂತು ಬಿದ್ದವು. ಬೆಟಗೇರಿಯ ಮಗ್ಗಗಳೆಲ್ಲ ಡಬ್ಬಿಯ ಬಣ್ಣಕ್ಕೆ ಒಗ್ಗಿದವು. ಬೇರು ತರುವವರು ಬರುವುದನ್ನು ಬಿಟ್ಟರು. ಕಡೆಗೆ ಹುಬ್ಬಳ್ಳಿಯಲ್ಲಿ ಅದೇ ಡಬ್ಬಿಯ ಬಣ್ಣ ಮಾರುವ ಏಜೆಂಟರು, ರಸಾಯನ ಬಲ್ಲವನೊಬ್ಬ ಬೇಕೆಂದಾಗ, ಪಾಂಡಪ್ಪ ಮೊದಲನೇ ಸಲಕ್ಕೇ ಹೂಂ ಅಂದ.

ಅವನು ಗದುಗು ಬಿಡುವ ಹೊತ್ತಿಗೆ ಐವತ್ತಾರರ ನವೆಂಬರ್. ರಾಜ್ಯ ಒಂದಾದ ಸಂಭ್ರಮಕ್ಕೆ ಕಟ್ಟಿದ ತೋರಣ ಪೇಟೆಯಲ್ಲಿ ಇನ್ನೂ ಒಣಗುತ್ತಿತ್ತು. ಹಿರಿಯರಿಗೆ ಹೇಳದೆ ಊರು ಬಿಡಬಾರದು ಎಂದು ಮಲ್ಲವ್ವ ಹಟ ಹಿಡಿದಳು. ಗುರುರಾಜನಿಗೆ ಹೇಳಿದ್ದಾಯಿತು, ಪ್ರಾಚಾರ್ಯರಿಗೆ ಹೇಳಿದ್ದಾಯಿತು. ಉಳಿದವರು ರಾಯರೊಬ್ಬರೇ. ಎರಡು ಮಾತಿನಲ್ಲಿ ಮುಗಿಸಿ ಬರುವೆನೆಂದು ಆ ಓಣಿಗೆ ಕಾಲಿಟ್ಟ.

ರಾಯರ ಹೆಂಡತಿ ಪದ್ಮಾಬಾಯಿ ಬಾಗಿಲು ತೆಗೆದರು.

“ಬರ್ರಿ, ಹಿತ್ತಲದಾಗ ಇದ್ದಾರ. ಇವತ್ತು ನಿಮ್ಮ ಅರಿವಿ ಒಗಿಯೋ ದಿವಸ.”

ಪಾಂಡಪ್ಪನಿಗೆ ತಿಳಿಯಲಿಲ್ಲ. ಅವರ ಹಿಂದೆಯೇ ಹೋಗಿ ನೋಡಿದ. ಬಾವಿಯ ಪಕ್ಕದ ಒಗೆಯುವ ಕಲ್ಲಿನ ಮುಂದೆ ರಾಯರು ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಗೇಣುದ್ದದ ಕೆಂಪು ತುಂಡು. ಒಗೆದು ಒಗೆದು ನೂಲು ಸವೆದು, ಅದರ ಮೂಲಕ ಅವರ ಬೆರಳು ಕಾಣುತ್ತಿದ್ದವು. ಅಂಚು ಪಿಸಿದು ಹೋಗಿತ್ತು. ಕೆಂಪು ಮಾತ್ರ ಅಂದು ಹಂಡೆಯಿಂದ ತೆಗೆದಾಗ ಇದ್ದ ಹಾಗೆಯೇ ಇತ್ತು.

“ಮಡಿ ಅರಿವಿ ಜೋಡಿ ಇದನ್ನೂ ಹಾಕ್ತಾರ,” ಎಂದರು ಪದ್ಮಾಬಾಯಿ. “ನಮ್ಮ ಅತ್ತಿಯವರು ಬೈದು ಬೈದು ಸಾಕಾದ್ರು. ಅವರು ತೀರಿಕೊಂಡ ವಾರ ಸೈತ ತಪ್ಪಿಸಲಿಲ್ಲ.”

ಪಾಂಡಪ್ಪ ಕಲ್ಲಿನ ಹತ್ತಿರ ಹೋಗಿ ಬಗ್ಗಿ ನೋಡಿದ.

“ಇದನ್ನ ಸಮಿತಿಯಾಗ ಯಾಕ ತೋರಸಲಿಲ್ರೀ ರಾಯರ?”

ರಾಯರು ತಲೆಯೆತ್ತಿದರು. ಇಂಥ ಪ್ರಶ್ನೆಯೂ ಇರುತ್ತದೆಯೆ ಎಂಬಂತೆ ನೋಡಿದರು.

“ನೀವು ಸಾಕು ಅಂದಿರಲಿಲ್ಲ.”

“ಮತ್ತ ಆವತ್ತು ಸಭಾದಾಗ?”

“ಒಲ್ಲೆ ಅಂದ್ರಿ.”

ಹುಬ್ಬಳ್ಳಿಯ ಕೆಲಸದ ಮಾತು ಪಾಂಡಪ್ಪನ ಬಾಯಿಯಲ್ಲೇ ಉಳಿಯಿತು. ಇನ್ನು ಆ ತುಂಡಿನಿಂದ ಯಾರಿಗೂ ಏನೂ ಆಗಬೇಕಾದ್ದಿರಲಿಲ್ಲ. ಸಾಕ್ರಿ ರಾಯರ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ರಾಯರು ಅದಕ್ಕೇ ಕಾಯುತ್ತಿರುವಂತೆ, ಹಿಂಡಿದ ತುಂಡನ್ನು ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತ ನಿಂತರು. ಪಾಂಡಪ್ಪ ಏನೂ ಅನ್ನಲಿಲ್ಲ.

ರಾಯರು ಬಿದಿರಿನ ಕೋಲು ತೆಗೆದುಕೊಂಡು, ತಮ್ಮ ಮಡಿ ಧೋತರವನ್ನು ನೆರಳಿನ ಕಡೆಗೆ ಸರಿಸಿದರು. ಖಾಲಿಯಾದ ಬಿಸಿಲಿನ ಜಾಗದಲ್ಲಿ ಕೆಂಪು ತುಂಡನ್ನು ಹರವಿ, ಹರಿಯದಂತೆ ಅದರ ಮೂಲೆಗಳನ್ನು ಮೆಲ್ಲಗೆ ಎಳೆದು ಸರಿಮಾಡಿದರು.